ಕಾಫಿ ಕಣದಲ್ಲಿ ವೀವರ್ ಟಿ-36: ಈಗಲೂ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಮೇಲೆ ಏರ್ ರೈಫಲ್ ಇಟ್ಟು 25 ಮೀಟರ್ ದೂರದ ಕಾಗದಕ್ಕೆ ಪೆಲೆಟ್ (ಸೀಸದ ಸಣ್ಣ ಗುಂಡು) ಹೊಡೆಯುವವರು ನೀವಾದರೆ, ಒಳ್ಳೆಯ ಸ್ಥಿತಿಯ ವೀವರ್ ಟಿ-36 ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು, ಎಲ್ಲಾದರೂ ಮಾರಾಟಕ್ಕೆ ಬಂದರೆ ಬಿಡಬೇಡಿ. ಬೇರೆ ಕೆಲಸಕ್ಕೆ ಇದು ಬೇಡ. ನಿಂತು ಹೊಡೆಯಲಿಕ್ಕೆ ಬೇಡ, ಹೆಗಲಿಗೆ ಹಾಕಿಕೊಂಡು ತೋಟ ಸುತ್ತಲಿಕ್ಕೆ ಬೇಡ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಸಮಯದಲ್ಲಿ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಂತೂ ಬೇಡವೇ ಬೇಡ. ಒಂದೇ ಕೆಲಸಕ್ಕೆ ಹುಟ್ಟಿದ ಸ್ಕೋಪ್ ಇದು. ಆ ಒಂದು ಕೆಲಸವನ್ನು ಇಷ್ಟು ಚೊಕ್ಕವಾಗಿ ಮಾಡುವ ಇನ್ನೊಂದು ಸ್ಕೋಪ್ ಈ ಬೆಲೆಯಲ್ಲಿ ನನ್ನ ಕೈಗೆ ಸಿಕ್ಕಿಲ್ಲ.

ಕೊಡಗಿನಲ್ಲಿ ಕೋವಿ ಹೊಸ ವಿಷಯ ಅಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, ಇದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಏರ್ ರೈಫಲ್ ಹಿಡಿದು ಕಾಗದದ ಮೇಲೆ ಒಂದೇ ತೂತಿನಲ್ಲಿ ಐದು ಪೆಲೆಟ್ ಹಾಕಬೇಕು ಅಂತ ಕೂತುಕೊಳ್ಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಕಾರಣವೂ ಇದೆ. 4.5 ಮಿಲಿಮೀಟರ್ ಬೋರಿನ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ದೇಶದಲ್ಲಿ ಎಲ್ಲೂ ಲೈಸೆನ್ಸ್ ಬೇಡ. ಗುಂಡಿನ ಖರ್ಚಿಲ್ಲ, ಪಕ್ಕದ ಮನೆಗೆ ಕೇಳುವಷ್ಟು ಸದ್ದಿಲ್ಲ, ಮನೆ ಹಿಂದೆ ಒಂದು ಎತ್ತರದ ಬರೆ (ಮಣ್ಣಿನ ದಿಬ್ಬ) ಇದ್ದರೆ ರೇಂಜ್ ತಯಾರು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಇದು ಕಾಗದಕ್ಕೆ ಹೊಡೆಯುವ ಆಟ. ಹಕ್ಕಿಗೆ, ಮಂಗನಿಗೆ, ಕೆಂದಳಿಲಿಗೆ ಹೊಡೆಯಲು ಸ್ಕೋಪ್ ಹುಡುಕುತ್ತಿದ್ದರೆ ಮುಂದೆ ಓದಬೇಡಿ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ, ಆ ಸ್ಪರ್ಧೆಯಲ್ಲಿ ಸ್ಕೋಪ್ ಹಾಕುವಂತೆಯೇ ಇಲ್ಲ. ಅಲ್ಲಿ ಸಣ್ಣ ತೂತಿನ ಪೀಪ್ ಸೈಟ್ ಮಾತ್ರ. ಮಗ ಅಥವಾ ಮಗಳು ಆ ದಾರಿಯಲ್ಲಿ ಹೋಗಬೇಕು ಅಂತಿದ್ದರೆ ಸ್ಕೋಪಿಗೆ ದುಡ್ಡು ಹಾಕಬೇಡಿ, ಒಳ್ಳೆಯ ಕೋಚ್ ಹತ್ತಿರ ಕಳಿಸಿ. ಸ್ಕೋಪ್ ಬೇಕಾಗುವುದು ಬೆಂಚ್‌ರೆಸ್ಟಿಗೆ, ಅಂದರೆ ರೈಫಲನ್ನು ಮರಳು ಚೀಲದ ಮೇಲೆ ಇಟ್ಟು ಹೊಡೆಯುವ ಆಟಕ್ಕೆ. ಇದರ ಅಂತಾರಾಷ್ಟ್ರೀಯ ಸ್ಪರ್ಧೆಗಳು 25 ಮೀಟರಿನಲ್ಲಿ ನಡೆಯುತ್ತವೆ. ಒಂದು ಕಾರ್ಡಿನಲ್ಲಿ 25 ಗುರಿ, ಒಂದೊಂದಕ್ಕೆ ಒಂದೇ ಏಟಿನ ಅಂಕ. ಬೇಕಾದಷ್ಟು ಸಲ ಹೊಡೆದು ಚೆನ್ನಾಗಿ ಬಿದ್ದದ್ದನ್ನು ಎಣಿಸುವಂತಿಲ್ಲ.

ಈಗ ಸ್ಕೋಪಿನ ವಿಷಯ. ವೀವರ್ ಹಳೆಯ ಅಮೆರಿಕನ್ ಹೆಸರು. ಬಿಲ್ ವೀವರ್ ಎಂಬಾತ 1930ರಲ್ಲಿ ಶುರು ಮಾಡಿ, ಟೆಕ್ಸಸ್‌ನ ಎಲ್ ಪಾಸೋದಲ್ಲಿ ಬೆಳೆಸಿದ ಕಂಪನಿ. ಆ ಕಾರ್ಖಾನೆ 1980ರ ದಶಕದಲ್ಲಿ ಮುಚ್ಚಿತು, ಹೆಸರು ಕೈಯಿಂದ ಕೈಗೆ ಹೋಯಿತು. ನಾವು ಈಗ ನೋಡುವ ಟಿ-36ಗಳು ಜಪಾನಿನಲ್ಲಿ ತಯಾರಾದವು. ಕೊನೆಗೆ ಹೆಸರಿನ ಮಾಲೀಕರು ಸ್ಕೋಪ್ ಮಾಡುವುದನ್ನೇ ಬಿಟ್ಟರು. ಹಾಗಾಗಿ ಇವತ್ತು ಸಿಗುವುದು ಯಾರದೋ ಬೀರುವಿನಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಮಾಲು.

ಹೆಸರಿನ 36 ಅಂದರೆ 36 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಅಂತ. ಜೂಮ್ ಇಲ್ಲ. ಹೆಚ್ಚೂ ಮಾಡಲಾಗುವುದಿಲ್ಲ, ಕಡಿಮೆಯೂ ಮಾಡಲಾಗುವುದಿಲ್ಲ. ಮುಂದಿನ ಗಾಜು 40 ಮಿಲಿಮೀಟರ್, ಕೊಳವೆ ಒಂದು ಇಂಚಿನದು, ಫೋಕಸ್ ಬಳೆ ಮುಂಭಾಗದಲ್ಲಿ. ಗುರಿ ಸರಿಸಲು ತಿರುಗಿಸುವ ಗುಂಡಿಯ (ಟರೆಟ್) ಒಂದು ಕ್ಲಿಕ್ ಅಂದರೆ ಎಂಟನೇ ಒಂದು ಎಂಓಎ, ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ನಡುವೆ ಗುರಿ ಹಿಡಿಯಲು ಅಡ್ಡಕ್ಕೂ ಉದ್ದಕ್ಕೂ ಎಳೆದ ಕೂದಲೆಳೆಯಂಥ ಗೆರೆ, ಅಂದರೆ ಕ್ರಾಸ್‌ಹೇರ್ ಇರುವುದೊಂದು, ಆ ಗೆರೆ ಕೂಡುವಲ್ಲಿ ಸಣ್ಣ ಚುಕ್ಕೆ ಇರುವುದೊಂದು, ಹೀಗೆ ಎರಡು ಬಗೆ. ನನ್ನದು ಚುಕ್ಕೆಯದು.

36 ಪಟ್ಟು ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 25 ಮೀಟರ್ ದೂರದ ಕಾಗದ 70 ಸೆಂಟಿಮೀಟರ್ ಹತ್ತಿರ ಬಂದ ಹಾಗೆ. ಓದುವಾಗ ಪುಸ್ತಕ ಹಿಡಿಯುವುದಕ್ಕಿಂತ ಸ್ವಲ್ಪ ದೂರ, ಅಷ್ಟೇ. ಪೆಲೆಟ್ ಬಿದ್ದ ತೂತಿನ ಅಂಚಿನಲ್ಲಿ ಕಾಗದದ ನಾರು ಎದ್ದು ನಿಂತದ್ದು ಕಾಣುತ್ತದೆ, ಸೀಸ ಉಜ್ಜಿದ ಬೂದು ಬಣ್ಣದ ಉಂಗುರ ಕಾಣುತ್ತದೆ, ಎರಡು ಪೆಲೆಟ್ ಒಂದೇ ತೂತಿನಲ್ಲಿ ಹೋಗಿದ್ದರೆ ಎರಡನೆಯದು ಯಾವ ಕಡೆ ಕಚ್ಚಿದೆ ಅಂತಲೂ ಕಾಣುತ್ತದೆ. ಪಕ್ಕದ ತೋಟದ ಅಣ್ಣನೊಬ್ಬರು ಒಮ್ಮೆ ಕಣ್ಣಿಟ್ಟು ನೋಡಿ, "ಅಲ್ಲ ಮಾರಾಯ, ತೂತು ಇಲ್ಲಿಂದಲೇ ಕಾಣ್ತದಲ್ಲ!" ಅಂದರು. "ಹೌದಣ್ಣ, ಅದಕ್ಕೇ ಇದನ್ನ ತಗೊಂಡದ್ದು" ಅಂದೆ. ಒಂದೊಂದು ಏಟಿಗೂ ಎದ್ದು ಹೋಗಿ ನೋಡಿ ಬರುವ ಕೆಲಸ ತಪ್ಪುತ್ತದೆ ಅಂತ ಮಾತ್ರ ಅಲ್ಲ. ಕೂತ ಭಂಗಿ ಕೆಡುವುದಿಲ್ಲ, ಕೆನ್ನೆ ಇಟ್ಟ ಜಾಗ ತಪ್ಪುವುದಿಲ್ಲ. ಬೆಂಚ್‌ರೆಸ್ಟ್ ಮಾಡಿದವರಿಗೆ ಇದರ ಬೆಲೆ ಗೊತ್ತಿರುತ್ತೆ.

ಆದರೆ ಈ ಶಕ್ತಿಗೆ ತೆರಬೇಕಾದ ಬೆಲೆಯೂ ಇದೆ. 25 ಮೀಟರಿನಲ್ಲಿ ಕಾಣುವ ಜಾಗದ ಅಗಲ ಸುಮಾರು ಒಂದು ಗೇಣು, ಅಷ್ಟೇ. ಮೊದಲ ಸಲ ಕಣ್ಣಿಟ್ಟವರಿಗೆ ಟಾರ್ಗೆಟ್ ಎಲ್ಲಿದೆ ಅಂತಲೇ ಸಿಗುವುದಿಲ್ಲ. ಬರೆಯ ಮಣ್ಣು, ಒಂದು ಬೇರು, ಒಣಗಿದ ಎಲೆ, ಮತ್ತೆ ಮಣ್ಣು, ಹೀಗೆ ಹುಡುಕುತ್ತಾ ಹೋಗಬೇಕು. ನಿಮ್ಮ ನಾಡಿ ಬಡಿತಕ್ಕೆ ಕ್ರಾಸ್‌ಹೇರ್ ಹಾರುವುದೂ ಕಾಣುತ್ತದೆ. ಕೈಯಲ್ಲಿ ಹಿಡಿದು ನಿಂತು ಹೊಡೆಯಲು ಇದು ಆಗುವುದಿಲ್ಲ ಅಂದದ್ದು ಇದಕ್ಕೇ. ಮರಳು ಚೀಲದ ಮೇಲೆ ರೈಫಲ್ ಕೂತು, ಭುಜ ಬರೀ ತಾಗಿದಷ್ಟು ತಾಗಿದಾಗ ಮಾತ್ರ ಆ ಚುಕ್ಕೆ ಸುಮ್ಮನೆ ನಿಲ್ಲುತ್ತದೆ.

ನಾನು ಇದನ್ನು ಇಷ್ಟು ಮೆಚ್ಚುವುದು ಬರೀ ದೊಡ್ಡದಾಗಿ ತೋರಿಸುತ್ತದೆ ಅಂತ ಅಲ್ಲ. ದೊಡ್ಡದಾಗಿ ತೋರಿಸುವ ಅಗ್ಗದ ಸ್ಕೋಪ್ ಈಗ ಬೇಕಾದಷ್ಟು ಇವೆ. ಇದು ನಿಲ್ಲಿಸಿದ ಜಾಗದಲ್ಲಿ ನಿಲ್ಲುತ್ತದೆ, ಅದು ಮುಖ್ಯ. ಸ್ಕೋಪಿನ ಒಳಗೆ ಒಂದು ಸಣ್ಣ ಕೊಳವೆ ಇರುತ್ತದೆ, ನಾವು ಕ್ಲಿಕ್ ತಿರುಗಿಸಿದಾಗ ಅದು ಒಂದು ಕಡೆ ತಿರುಪಿನಿಂದ ತಳ್ಳಿಸಿಕೊಂಡು, ಎದುರಿನಿಂದ ಸ್ಪ್ರಿಂಗಿನ ಒತ್ತಡ ತಡೆದುಕೊಂಡು ಓರೆಯಾಗುತ್ತದೆ. ಸಾಧಾರಣ ಸ್ಕೋಪಿನಲ್ಲಿ ಮೇಲೆ ಕೆಳಗೆ ಮಾಡುವುದಕ್ಕೂ ಅಕ್ಕಪಕ್ಕ ಮಾಡುವುದಕ್ಕೂ ಸೇರಿ ಒಂದೇ ಸ್ಪ್ರಿಂಗ್ ಓರೆಯಾಗಿ ಕೂತಿರುತ್ತದೆ, ಹಾಗಾಗಿ ಮೇಲಕ್ಕೆ ಹತ್ತು ಕ್ಲಿಕ್ ಮಾಡಿದರೆ ಪಕ್ಕಕ್ಕೂ ಒಂದಿಷ್ಟು ಎಳೆದುಕೊಂಡು ಹೋಗುವುದುಂಟು. ವೀವರಿನವರು ಮೈಕ್ರೋ-ಟ್ರ್ಯಾಕ್ ಅಂತ ಕರೆದ ವ್ಯವಸ್ಥೆಯಲ್ಲಿ ಆ ಕೊಳವೆಯನ್ನು ನಾಲ್ಕು ಕಡೆಯಿಂದ ಹಿಡಿದಿರುತ್ತಾರೆ, ಎರಡು ದಿಕ್ಕಿಗೂ ಬೇರೆ ಬೇರೆ ಸ್ಪ್ರಿಂಗ್. ಮೇಲೆ ಅಂದರೆ ಮೇಲೆ, ಪಕ್ಕಕ್ಕೆ ಅಂದರೆ ಪಕ್ಕಕ್ಕೆ. ಇದರ ಮೇಲೆ ಜೂಮ್ ಇಲ್ಲ. ಜೂಮಿಗಾಗಿ ಒಳಗೆ ಜಾರುವ ಗಾಜುಗಳಿಲ್ಲ ಅಂದರೆ ಸಡಿಲವಾಗುವ ಭಾಗ ಅಷ್ಟು ಕಡಿಮೆ.

ಇದನ್ನು ನನ್ನ ಮಾತು ಕೇಳಿ ನಂಬಬೇಕಿಲ್ಲ, ಯಾವ ಸ್ಕೋಪನ್ನಾದರೂ ಮನೆಯಲ್ಲೇ ಪರೀಕ್ಷೆ ಮಾಡಬಹುದು. 25 ಮೀಟರಿನಲ್ಲಿ ಒಂದು ಎಂಓಎ ಅಂದರೆ 7.3 ಮಿಲಿಮೀಟರ್. ಎಂಟನೇ ಒಂದರ ಕ್ಲಿಕ್ಕಿಗೆ 0.9 ಮಿಲಿಮೀಟರ್ ಬರುತ್ತದೆ. 40 ಕ್ಲಿಕ್ ಮಾಡಿದರೆ 36 ಮಿಲಿಮೀಟರ್ ಸರಿಯಬೇಕು. ಸ್ಕೋಪನ್ನು ಅಲ್ಲಾಡದ ಹಾಗೆ ಬಿಗಿಯಾಗಿ ಹಿಡಿಸಿ, 25 ಮೀಟರಿನಲ್ಲಿ ಮಿಲಿಮೀಟರ್ ಗ್ರಾಫ್ ಕಾಗದ ಅಂಟಿಸಿ, 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ ತಿರುಗಿಸಿ. ಚುಕ್ಕೆ ಚೌಕಾಕಾರ ಸುತ್ತಿ ಹೊರಟ ಗೆರೆಗೇ ಬಂದು ಕೂರಬೇಕು. ನನ್ನ ಟಿ-36 ಬಂದು ಕೂತಿತು. ಪೆಲೆಟ್ ಹೊಡೆದು ನೋಡಿದಾಗಲೂ ಹಾಗೆಯೇ, ಮೊದಲ ಗುಂಪಿನ ಮೇಲೇ ಕೊನೆಯ ಗುಂಪು ಬಿತ್ತು. ಅದೇ ಮೇಜಿನ ಮೇಲೆ ಗೆಳೆಯನ ಹೊಸ ಜೂಮ್ ಸ್ಕೋಪ್ ಇಟ್ಟು ಇದನ್ನೇ ಮಾಡಿದೆವು, ಹೆಸರು ಬೇಡ. ಚೌಕ ಓರೆಯಾಗಿ ಬಂತು, ವಾಪಸ್ ಬಂದಾಗ ಚುಕ್ಕೆ ಮೂರು ಮಿಲಿಮೀಟರ್ ಪಕ್ಕದಲ್ಲಿತ್ತು. ಪೆಲೆಟ್ಟಿನ ಅಗಲವೇ ನಾಲ್ಕೂವರೆ ಮಿಲಿಮೀಟರ್. ಮೂರು ಮಿಲಿಮೀಟರ್ ತಪ್ಪಿದರೆ ಒಂದು ಕಾರ್ಡೇ ಹಾಳು.

ನಿಜ ಹೇಳಬೇಕೆಂದರೆ ಹೊಸಬರಿಗೆ ಅತಿ ಹೆಚ್ಚು ನೋವು ಕೊಡುವುದು ಇದೇ ವಿಷಯ. ಏಟು ತಪ್ಪಿದಾಗ ತಪ್ಪು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಪೆಲೆಟ್ ಸರಿಯಿಲ್ವಾ, ಗಾಳಿಯಾ, ಟ್ರಿಗರ್ ಎಳೆದದ್ದಾ, ಸ್ಕೋಪಾ? ಪಾಪ, ತಿಂಗಳುಗಟ್ಟಲೆ ತಮ್ಮ ಕೈಯನ್ನೇ ದೂರಿಕೊಂಡು ಕೂರುತ್ತಾರೆ. ಸ್ಕೋಪಿನ ಮೇಲೆ ಅನುಮಾನ ಪಡಬೇಕಿಲ್ಲ ಅಂತಾದರೆ ಅರ್ಧ ತಲೆನೋವು ಹೋಗುತ್ತದೆ, ಉಳಿದದ್ದನ್ನು ಒಂದೊಂದಾಗಿ ಹುಡುಕಬಹುದು. ಟಿ-36 ನನಗೆ ಕೊಟ್ಟದ್ದು ಈ ಧೈರ್ಯ. ಪಾಯಿಂಟ್ 22 ರೈಫಲಿನ ಬೆಂಚ್‌ರೆಸ್ಟಿನವರೂ ದೊಡ್ಡ ರೈಫಲಿನವರೂ ಇದನ್ನು ಅಷ್ಟು ಕಾಲ ಬಿಡದೆ ಹಿಡಿದುಕೊಂಡದ್ದೂ ಇದಕ್ಕೇ.

ಚುಕ್ಕೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಸುಲಭವಾಗಿ ಸಿಗುವುದು 10 ಮೀಟರ್ ಏರ್ ರೈಫಲಿನ ಟಾರ್ಗೆಟ್ ಕಾಗದ. ಅದರ ನಡುವಿನ ಬಿಳಿ ಚುಕ್ಕೆ, ಅಂದರೆ ಹತ್ತು ಅಂಕದ್ದು, ಬರೀ ಅರ್ಧ ಮಿಲಿಮೀಟರ್. ಸ್ಕೋಪಿನ ಚುಕ್ಕೆ ಎಂಟನೇ ಒಂದು ಎಂಓಎ, 25 ಮೀಟರಿನಲ್ಲಿ ಅದು 0.9 ಮಿಲಿಮೀಟರ್ ಜಾಗ ಮುಚ್ಚುತ್ತದೆ. ಹಾಗಾಗಿ ಆ ಬಿಳಿ ಚುಕ್ಕೆ ಪೂರ್ತಿ ಮರೆಯಾಗುತ್ತದೆ. ನಡುವಿಗೇ ಗುರಿ ಇಡಲು ಹೋಗಬೇಡಿ. ಜೊತೆಗೆ ಕಪ್ಪು ಬಣ್ಣದ ಮೇಲೆ ಕಪ್ಪು ಚುಕ್ಕೆ ಕಳೆದುಹೋಗುತ್ತದೆ. ಬಿಳಿ ಹಾಳೆಯ ಮೇಲೆ ನೀವೇ ನಾಲ್ಕೈದು ಮಿಲಿಮೀಟರಿನ ಖಾಲಿ ವೃತ್ತ ಪ್ರಿಂಟ್ ಹಾಕಿಸಿಕೊಂಡರೆ ಅದರ ನಡುವೆ ಚುಕ್ಕೆ ಕೂರಿಸುವುದು ಬಹಳ ಸುಲಭ. ಹೊಸದಾಗಿ ತೆಗೆದುಕೊಳ್ಳುವವರಿಗೆ ಎರಡರಲ್ಲಿ ಆಯ್ಕೆ ಸಿಕ್ಕರೆ ನನ್ನ ಓಟು ಚುಕ್ಕೆಗೇ.

ಬೆಳಕು. ಇಲ್ಲಿ ಕೊಡಗಿನವರು ಗಮನ ಕೊಡಬೇಕು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ಅಗಲ ಸಿಗುತ್ತದೆ. 40ನ್ನು 36ರಿಂದ ಭಾಗಿಸಿ, 1.1 ಮಿಲಿಮೀಟರ್. ನಮ್ಮ ಕಣ್ಣಿನ ಪಾಪೆ ಒಳ್ಳೆಯ ಹಗಲಿನಲ್ಲೂ ಎರಡು ಮೂರು ಮಿಲಿಮೀಟರ್ ತೆರೆದಿರುತ್ತದೆ. ಅಂದರೆ ಬಿಸಿಲಿನಲ್ಲೂ ಚಿತ್ರ ಸ್ವಲ್ಪ ಮಂಕು. ಮೋಡ ಕವಿದಾಗ ಇನ್ನೂ ಮಂಕು. ಸಿಲ್ವರ್ ಓಕ್ ನೆರಳಿನಲ್ಲಿ ಟಾರ್ಗೆಟ್ ಇಟ್ಟರೆ ಬೂದು ಕಾಗದದ ಮೇಲೆ ಬೂದು ತೂತು ಹುಡುಕಬೇಕಾಗುತ್ತದೆ. ಇದು ಗಾಜಿನ ದೋಷ ಅಲ್ಲ, 40 ಮಿಲಿಮೀಟರ್ ಗಾಜಿನಿಂದ 36 ಪಟ್ಟು ಕೇಳಿದರೆ ಯಾವ ಕಂಪನಿಯದ್ದಾದರೂ ಹೀಗೇ. ಗಾಜು ಚೆನ್ನಾಗಿಯೇ ಇದೆ, ಅಂಚಿನವರೆಗೂ ಗೆರೆ ಚೂಪಾಗಿ ಬರುತ್ತದೆ. ಕಂಬಿ ಇಷ್ಟು ಸಣ್ಣದಾದಾಗ ತಲೆ ಒಂದು ಚೂರು ಸರಿದರೂ ಕತ್ತಲೆ, ವಯಸ್ಸಾದವರಿಗೆ ತಮ್ಮ ಕಣ್ಣಿನ ಒಳಗೇ ತೇಲುವ ನೂಲಿನಂಥ ಎಳೆಗಳೂ ಕಾಣಿಸಿಕೊಳ್ಳುತ್ತವೆ. ಹೆದರಬೇಡಿ, ಸ್ಕೋಪಿನಲ್ಲಿ ಏನೂ ಇಲ್ಲ. ಒಂದೆರಡು ಸಲ ರೆಪ್ಪೆ ಬಡಿದರೆ ಸರಿಯುತ್ತವೆ. ಟಾರ್ಗೆಟ್ಟಿನ ಮೇಲೆ ಬ್ಯಾಟರಿಯ ಎಲ್‌ಇಡಿ ದೀಪ ಒಂದನ್ನು ಓರೆಯಾಗಿ ಹಿಡಿಸಿದರೆ ಮೋಡದ ದಿನವೂ ಕೆಲಸ ನಡೆಯುತ್ತದೆ.

ನಮ್ಮಲ್ಲಿ 25 ಮೀಟರ್ ಸಮತಟ್ಟು ಜಾಗ ಅಂದರೆ ಹೆಚ್ಚಿನವರಿಗೆ ಕಾಫಿ ಕಣವೇ. ಡಿಸೆಂಬರಿನಿಂದ ಮಾರ್ಚ್ ತನಕ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಕಾಲಿಡಲು ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಉಳಿದ ದಿನ ಖಾಲಿ. ಆದರೆ ಸಿಮೆಂಟ್ ಕಣ ಬಿಸಿಲಿಗೆ ಕಾದರೆ ಅದರ ಮೇಲಿನ ಗಾಳಿ ನೀರಿನ ಹಾಗೆ ಅಲೆಯಾಡುತ್ತದೆ. ಬರಿಗಣ್ಣಿಗೆ ಇದು ಗೊತ್ತೇ ಆಗದು. 36 ಪಟ್ಟಿನಲ್ಲಿ ಟಾರ್ಗೆಟ್ಟಿನ ವೃತ್ತ ಕುದಿಯುತ್ತಿರುವಂತೆ ಕಾಣುತ್ತದೆ, ಒಮ್ಮೆ ಮೊಟ್ಟೆಯಾಕಾರ, ಒಮ್ಮೆ ಎರಡಾಗಿ. ಮಳೆ ಬಂದು ಹೋದ ಮೇಲೆ ಬಿಸಿಲು ಬಿದ್ದರಂತೂ ಕಣದಿಂದ ಹಬೆಯೇ ಏಳುತ್ತದೆ. ಹಾಗಾಗಿ ಬೆಳಿಗ್ಗೆ ಮಂಜು ಎದ್ದ ಮೇಲೆ, ಸಿಮೆಂಟ್ ಕಾಯುವ ಮೊದಲು, ಆ ಒಂದೆರಡು ಗಂಟೆಯೇ ಈ ಸ್ಕೋಪಿಗೆ ಹೇಳಿ ಮಾಡಿಸಿದ ಸಮಯ. ಟಾರ್ಗೆಟ್ಟನ್ನೂ ಮೇಜನ್ನೂ ಕಣದಿಂದ ಸ್ವಲ್ಪ ಎತ್ತರಕ್ಕೆ ಏರಿಸಿದರೆ ಅಲೆಯಾಟ ಕಡಿಮೆಯಾಗುತ್ತದೆ. ಬೆಳಗಿನ ಹೊತ್ತು ಗಾಳಿಯೂ ಕಡಿಮೆ. ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್, ನಾನು ಹೊಡೆಯುವುದು 8.44 ಗ್ರೇನಿನ ಜೆಎಸ್‌ಬಿ ಎಗ್ಸಾಕ್ಟ್, ಎಲೆ ಅಲ್ಲಾಡುವಷ್ಟು ಗಾಳಿ ಇದ್ದರೂ 25 ಮೀಟರಿನಲ್ಲಿ ತನ್ನ ಅಗಲದಷ್ಟು ಪಕ್ಕಕ್ಕೆ ಸರಿಯುತ್ತದೆ. ದಾರಿಯ ನಡುವೆ ಒಂದು ಕಡ್ಡಿಗೆ ಉಲ್ಲನ್ ನೂಲು ಕಟ್ಟಿಡಿ. ಸ್ಕೋಪ್ ಎಷ್ಟೇ ಒಳ್ಳೆಯದಿದ್ದರೂ ಗಾಳಿಯನ್ನು ಅದು ತೋರಿಸುವುದಿಲ್ಲ.

ಫೋಕಸ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಈ ಸ್ಕೋಪ್ ಮಾಡಿದ್ದು 100, 200 ಗಜ ದೂರ ಹೊಡೆಯುವ ದೊಡ್ಡ ರೈಫಲಿನವರಿಗೆ. 25 ಮೀಟರಿಗೆ ಬಳೆ ತಿರುಗಿಸಿದರೆ ಚಿತ್ರ ಚೂಪಾಗಿ ಬರುತ್ತದೆ. 10 ಮೀಟರಿಗೆ ಬರುವುದಿಲ್ಲ. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೋ ಗೋದಾಮಿನಲ್ಲೋ 10 ಮೀಟರ್ ಹೊಡೆಯುವ ಯೋಚನೆ ಇದ್ದರೆ ಇದನ್ನು ತೆಗೆದುಕೊಳ್ಳಬೇಡಿ. ಬಳೆಯ ಮೇಲೆ ಬರೆದ ದೂರದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಚಿತ್ರ ಚೂಪಾಯಿತು ಅನ್ನಿಸಿದ ಮೇಲೆ ರೈಫಲ್ ಮುಟ್ಟದೆ ತಲೆಯನ್ನು ಮಾತ್ರ ಅತ್ತಿತ್ತ ಒಂದಿಷ್ಟು ಸರಿಸಿ ನೋಡಿ. ಚುಕ್ಕೆ ಟಾರ್ಗೆಟ್ಟಿನ ಮೇಲೆ ಜಾರಿದರೆ ಇನ್ನೂ ಸರಿಯಾಗಿಲ್ಲ. ಜಾರದೆ ಅಂಟಿಕೊಂಡಿದ್ದರೆ ಸರಿ, ಅಲ್ಲೇ ಬಳೆಯ ಮೇಲೆ ಬಿಳಿ ಪೇಂಟಿನ ಒಂದು ಗುರುತು ಹಾಕಿಡಿ.

ಫೀಲ್ಡ್ ಟಾರ್ಗೆಟ್ ಆಡುವ ಆಸೆ ಇರುವವರಿಗೂ ಇದು ಹೊಂದುವುದಿಲ್ಲ. ಅದರಲ್ಲಿ ಲೋಹದ ತಗಡಿನ ಗುರಿಗಳನ್ನು ಬೇರೆ ಬೇರೆ ದೂರದಲ್ಲಿ ಇಟ್ಟಿರುತ್ತಾರೆ, ಎಷ್ಟು ದೂರ ಅಂತ ಹೇಳುವುದಿಲ್ಲ, ಸ್ಕೋಪಿನ ಫೋಕಸ್ ಚಕ್ರ ತಿರುಗಿಸಿ ಚಿತ್ರ ಎಲ್ಲಿ ಚೂಪಾಗುತ್ತದೆ ಅಂತ ನೋಡಿ ದೂರ ಅಳೆಯಬೇಕು. ಅದಕ್ಕೆ ಪಕ್ಕದಲ್ಲಿ ದೊಡ್ಡ ಚಕ್ರ ಇರುವ, ಹತ್ತಿರದ ಗುರಿಗೂ ಫೋಕಸ್ ಆಗುವ ಸ್ಕೋಪೇ ಬೇಕು. ಟಿ-36ರ ಬಳೆ ಕೊಳವೆಯ ತುದಿಯಲ್ಲಿದೆ, ಕೈ ಚಾಚಿದರೆ ಭಂಗಿ ಕೆಟ್ಟಿತು. ಬೆಂಚಿನಲ್ಲಿ ದೂರ ಬದಲಾಗುವುದಿಲ್ಲ, ಒಮ್ಮೆ ಇಟ್ಟರೆ ಮುಗಿಯಿತು.

ಯಾವ ರೈಫಲಿನ ಮೇಲೆ ಕೂರಿಸಬೇಕು? ಪಿಸಿಪಿ, ಅಂದರೆ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್ ಮೇಲೆ ಕೂರಿಸಿ, ಯೋಚನೆ ಇಲ್ಲ. ಗಾಳಿ ತುಂಬಿದ ಸಿಲಿಂಡರಿನ ರೈಫಲ್ ಒದೆಯುವುದೇ ಇಲ್ಲ ಅನ್ನಬಹುದು. ಕೈ ಪಂಪಿನಲ್ಲಿ ತುಂಬುವವರು ನಮ್ಮ ಹವೆಯಲ್ಲಿ ಪಂಪಿನ ತೇವದ ಬಗ್ಗೆ ಜಾಗ್ರತೆ ವಹಿಸಿ, ಅದು ಬೇರೆಯೇ ಕಥೆ. ಸ್ಪ್ರಿಂಗ್ ರೈಫಲ್ ಮೇಲೆ ಮಾತ್ರ ಬೇಡ ಅಂತ ನನ್ನ ಸಲಹೆ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ತಾಗಿದಾಗ ಮುಂದಕ್ಕೂ ಎಳೆಯುತ್ತದೆ. ದೊಡ್ಡ ಕೋವಿಯ ಒದೆತ ಒಂದೇ ಕಡೆಗೆ, ಹಿಂದಕ್ಕೆ. ಅದನ್ನು ತಡೆಯಲು ಕಟ್ಟಿದ ಸ್ಕೋಪಿಗೆ ಈ ಎರಡು ಕಡೆಯ ಜಗ್ಗಾಟ ಒಗ್ಗುವುದಿಲ್ಲ, ಎಷ್ಟೋ ಒಳ್ಳೆಯ ಸ್ಕೋಪುಗಳ ಗಾಜು ಸಡಿಲವಾಗಿದೆ, ಕ್ರಾಸ್‌ಹೇರ್ ತುಂಡಾಗಿದೆ. ಇನ್ನು ಸಿಗದ ವಸ್ತುವಿನ ಮೇಲೆ ಆ ಪರೀಕ್ಷೆ ಯಾಕೆ?

ಸ್ಕೋಪನ್ನು ರೈಫಲಿಗೆ ಹಿಡಿಸುವ ಮೌಂಟಿನಲ್ಲಿ ದುಡ್ಡು ಉಳಿಸಬೇಡಿ. ಏರ್ ರೈಫಲಿನ ಮೇಲ್ಭಾಗದ 11 ಮಿಲಿಮೀಟರ್ ಹಳಿಗೆ ಹೊಂದುವ, ಒಂದು ಇಂಚಿನ ರಿಂಗ್ ಬೇಕು. ಮುಂದಿನ ಫೋಕಸ್ ಬಳೆ ದಪ್ಪ ಇರುವುದರಿಂದ ತಗ್ಗಿನ ರಿಂಗ್ ಹಾಕಿದರೆ ಅದು ನಳಿಗೆಗೆ ತಾಗಬಹುದು, ಒಂದು ಹಾಳೆ ನಡುವೆ ಸರಾಗ ಜಾರುವಷ್ಟಾದರೂ ಜಾಗ ಇರಲಿ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಅಗ್ಗದ ರಿಂಗ್ ಜೋಡಿಯ ಒಂದು ತುದಿ ಚೂಪಾಗಿತ್ತು. ಹಾಕುವ ಮೊದಲು ಬೆರಳಿಗೆ ತಾಗಿದ್ದರಿಂದ ಸರಿಹೋಯಿತು, ಇಲ್ಲದಿದ್ದರೆ ಕೊಳವೆಯ ಮೇಲೆ ಗೀರು ಬೀಳುತ್ತಿತ್ತು. ತಿರುಪುಗಳನ್ನು ಒಂದೇ ಕಡೆ ಪೂರ್ತಿ ಬಿಗಿಮಾಡದೆ, ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

ಇದೇ ದಾರಿಯ ಬೇರೆ ಹಳೆಯ ಸ್ಕೋಪುಗಳೂ ಇವೆ. ಲ್ಯೂಪೋಲ್ಡ್ ಕಾಂಪಿಟಿಷನ್ ಸಾಲಿನ 35, 40, 45 ಪಟ್ಟಿನವು, ಗಾಜು 45 ಮಿಲಿಮೀಟರ್, ಕೊಳವೆ 30 ಮಿಲಿಮೀಟರ್, ಫೋಕಸ್ ಪಕ್ಕದಲ್ಲಿ. ಅವೂ ನಿಂತುಹೋಗಿವೆ. ಸಿಕ್ಕರೆ, ಕೈಯಲ್ಲಿ ಕಾಸಿದ್ದರೆ, ಅವು ಟಿ-36ಕ್ಕಿಂತ ಒಂದು ಕೈ ಮೇಲು ಅಂತ ಒಪ್ಪುತ್ತೇನೆ. ಜೂಮ್ ಬೇಕೇ ಬೇಕು ಅನ್ನುವವರಿಗೆ ಬುಷ್ನೆಲ್ ಎಲೀಟ್ 4200ರ 8ರಿಂದ 32 ಪಟ್ಟಿನ ಸ್ಕೋಪ್ ಇತ್ತು. ಅದರ ಹೊರಗಾಜಿನ ಮೇಲೆ ರೈನ್‌ಗಾರ್ಡ್ ಅನ್ನುವ ಲೇಪ ಇರುತ್ತದೆ, ನೀರು ಹರಡದೆ ಸಣ್ಣ ಹನಿಯಾಗಿ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಜು ಮಳೆಯಲ್ಲೇ ಬದುಕುವ ನಮಗೆ ಅದು ದೊಡ್ಡ ಉಪಕಾರ. ಮೋಡದ ದಿನ 16 ಪಟ್ಟಿಗೆ ಇಳಿಸಿದರೆ ಬೆಳಕೂ ಜಾಸ್ತಿ. ಬೆಂಚ್ ಬಿಟ್ಟು ಬೇರೆ ಆಟವನ್ನೂ ಆಡುವವರು ಅದನ್ನು ಹುಡುಕಿ. ನನಗೆ ಬೆಂಚ್ ಒಂದೇ ಸಾಕು, ಅದಕ್ಕೆ ಟಿ-36 ಬಿಟ್ಟು ಹೋಗಲು ಮನಸ್ಸಿಲ್ಲ.

ಇನ್ನು ಕೊಳ್ಳುವಾಗಿನ ಮಾತು. ಕೊಡಗಿನಲ್ಲಿ ಹಳೆಯ ಗಾಜಿಗೆ ಇರುವ ಮೊದಲ ಶತ್ರು ಫಂಗಸ್, ನಮ್ಮ ಬೂಷ್ಟು. ಮಳೆಗಾಲ ಮುಗಿಯುವಷ್ಟರಲ್ಲಿ ಬೀರುವಿನ ಚರ್ಮದ ಬೆಲ್ಟಿಗೆ ಹಿಡಿಯುವ ಬೂಷ್ಟೇ ಕ್ಯಾಮೆರಾ ಲೆನ್ಸಿಗೂ ಸ್ಕೋಪಿಗೂ ಹಿಡಿಯುತ್ತದೆ. ಹೊಸದರಲ್ಲಿ ಸ್ಕೋಪಿನ ಒಳಗೆ ಒಣ ಅನಿಲ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ವರ್ಷಗಳು ಕಳೆದ ಹಾಗೆ ರಬ್ಬರ್ ಗಟ್ಟಿಯಾಗುತ್ತದೆ, ಅನಿಲ ಹೊರಗೆ, ತೇವ ಒಳಗೆ. ಬೂಷ್ಟು ಒಮ್ಮೆ ಗಾಜಿನ ಲೇಪವನ್ನು ತಿಂದರೆ ತೊಳೆದರೂ ಕಲೆ ಹೋಗುವುದಿಲ್ಲ. ಪತ್ತೆ ಮಾಡುವುದು ಸುಲಭ. ಕತ್ತಲೆ ಕೋಣೆಯಲ್ಲಿ ಕಣ್ಣಿಡುವ ಕಡೆಯಿಂದ ಟಾರ್ಚ್ ಬಿಟ್ಟು, ಮುಂದಿನ ಗಾಜಿನಿಂದ ಓರೆಯಾಗಿ ಇಣುಕಿ. ಫೋಕಸ್ ಬಳೆಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ನೋಡಿ. ಬೇರು ಬಿಟ್ಟ ಹಾಗೆ ಕವಲೊಡೆದ ಬಿಳಿ ಎಳೆ ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಒಂದೆರಡು ಧೂಳಿನ ಚುಕ್ಕೆ ಇದ್ದರೆ ಪರವಾಗಿಲ್ಲ, ಅವು ಗುರಿಗೆ ಅಡ್ಡ ಬರುವುದಿಲ್ಲ. ಚಳಿಯ ಬೆಳಿಗ್ಗೆ ಬೆಚ್ಚಗಿನ ಕೋಣೆಯಿಂದ ಹೊರಗೆ ತಂದು ಸ್ವಲ್ಪ ಹೊತ್ತು ಇಟ್ಟಾಗ ಗಾಜಿನ ಒಳಮೈಗೆ ಮಂಜು ಕವಿದರೆ ಮುಚ್ಚಿಗೆ ಹೋಗಿದೆ ಅಂತ ಅರ್ಥ.

ತಂದ ಮೇಲೆ ಚರ್ಮದ ಚೀಲದಲ್ಲೋ ಸ್ಪಂಜಿನ ಪೆಟ್ಟಿಗೆಯಲ್ಲೋ ಇಡಬೇಡಿ, ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಮೊದಲು ಬೀರುವಿನಲ್ಲಿ ಒಂದು ಸಣ್ಣ ಬಲ್ಬ್ ಉರಿಸಿಡುವ ಪದ್ಧತಿ ಮನೆಮನೆಯಲ್ಲಿ ಇತ್ತು, ಈಗಿನ ಎಲ್‌ಇಡಿ ಬಲ್ಬಿಗೆ ಅಷ್ಟು ಕಾವಿಲ್ಲ, ಅದರಿಂದ ಪ್ರಯೋಜನ ಆಗುವುದಿಲ್ಲ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಇಷ್ಟು ಸಾಕು. ಬಣ್ಣ ತಿರುಗಿದಾಗ ಜೆಲ್ಲನ್ನು ಹೊರಗೆ ತೆಗೆದು ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಮಳೆಯ ನಡುವೆ ಬಿಸಿಲು ಬಿದ್ದ ದಿನ ಸ್ಕೋಪನ್ನು ಹೊರಗೆ ತೆಗೆದು ಗಾಳಿಯಾಡಿಸಿ, ಬೆಳಕು ಬಿದ್ದಷ್ಟು ಒಳ್ಳೆಯದು. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ, 36 ಪಟ್ಟಿನ ಗಾಜಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಮುಚ್ಚಳ ಹಾಕಿಯೇ ಇಡಿ.

ಬೆಲೆ ಇಷ್ಟೇ ಅಂತ ಹೇಳಲಾಗುವುದಿಲ್ಲ, ಮಾಡುವುದನ್ನೇ ನಿಲ್ಲಿಸಿದ ವಸ್ತುವಿಗೆ ಮಾರುವವರು ಹೇಳಿದ್ದೇ ಬೆಲೆ. ಪೆಟ್ಟಿಗೆ, ಮುಚ್ಚಳ, ಬಿಲ್ಲು ಇದೆಯಾ ಅನ್ನುವುದಕ್ಕಿಂತ ಸ್ಪ್ರಿಂಗ್ ಗನ್ ಮೇಲೆ ಕೂತಿತ್ತಾ ಅನ್ನುವುದನ್ನು ಮೊದಲು ಕೇಳಿ. ವಾರಂಟಿ, ಬಿಡಿಭಾಗ ಅಂತೆಲ್ಲ ನೆಚ್ಚಿಕೊಂಡು ದುಡ್ಡು ಕೊಡಬೇಡಿ. ಟಾರ್ಚ್ ಬಿಟ್ಟು ತೆಗೆದ ಫೋಟೋ ಕಳಿಸಿ ಅಂತ ಕೇಳಿ, ಜೊತೆಗೆ ಎರಡೂ ಟರೆಟ್ಟನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುವ ವಿಡಿಯೋ ಕೇಳಿ, ಕ್ಲಿಕ್ಕಿನ ಸದ್ದು ಎಲ್ಲೂ ನುಂಗಿಹೋಗಬಾರದು. ಇಷ್ಟು ಮಾಡಲು ಒಪ್ಪದವರ ಹತ್ತಿರ ತೆಗೆದುಕೊಳ್ಳಬೇಡಿ, ಇನ್ನೊಂದು ಬರುವವರೆಗೆ ಕಾಯಿರಿ.